ಮೂರು ತಿಂಗಳ ಶುಗರ್, ಹದಿನೈದು ವರ್ಷದ ಲೆಕ್ಕ

ರಕ್ತ ಪರೀಕ್ಷೆಗೆ ಇನ್ನೆರಡು ದಿನ ಇದೆ ಎನ್ನುವಾಗ ಅನ್ನ ಬಿಟ್ಟು, ಸಂಜೆ ಪಾರ್ಕಿನಲ್ಲಿ ಬಿರುಸಾಗಿ ನಾಲ್ಕು ಸುತ್ತು ಹಾಕಿ, ರಾತ್ರಿ ಒಂದೇ ಚಪಾತಿ ತಿಂದು ಮಲಗುವವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುತ್ತಾರೆ, ಫಾಸ್ಟಿಂಗ್ ಶುಗರ್ 108 ಬರುತ್ತದೆ, ಮುಖ ಅರಳುತ್ತದೆ. ವೈದ್ಯರು ಆ ಸಾಲನ್ನು ದಾಟಿ ಕೆಳಗಿನ ಇನ್ನೊಂದು ಸಾಲಿಗೆ ಬೆರಳಿಡುತ್ತಾರೆ: ಎಚ್‌ಬಿಎ1ಸಿ, ಶೇ 8.4. ಜನರ ಬಾಯಲ್ಲಿ ಇದರ ಹೆಸರು ‘ಮೂರು ತಿಂಗಳ ಶುಗರ್’. ಎರಡು ದಿನದ ಪಥ್ಯಕ್ಕೆ ಅದು ಬಗ್ಗುವುದಿಲ್ಲ.

ಏಕೆ ಬಗ್ಗುವುದಿಲ್ಲ ಎಂದು ಹುಡುಕುತ್ತ ಹೋದರೆ ಮೂರು ತಿಂಗಳಿಗಿಂತ ಬಹಳ ಉದ್ದದ ಲೆಕ್ಕವೊಂದು ಸಿಗುತ್ತದೆ. ಅದು ಬರೆದಿರುವುದು ರಕ್ತನಾಳದ ಗೋಡೆಯಲ್ಲಿ. ಅದನ್ನು ಓದುವುದು ಆ ಗೋಡೆಯ ಜೀವಕೋಶಗಳ ಮೈಮೇಲಿರುವ ಒಂದು ಗ್ರಾಹಕ, ಅಂದರೆ ಹೊರಗಿನ ಅಣುವನ್ನು ಹಿಡಿದು ಒಳಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನು. ಹೃದಯಾಘಾತ, ಪಾರ್ಶ್ವವಾಯು, ಕಾಲಿಗೆ ರಕ್ತ ಹರಿಯದೆ ಗಾಯ ಮಾಯದಿರುವುದು, ಇವೆಲ್ಲ ಮಧುಮೇಹಿಗಳಲ್ಲಿ ಏಕೆ ಹೆಚ್ಚು ಎಂಬುದಕ್ಕೆ ಕಳೆದ ಮೂರು ದಶಕಗಳಲ್ಲಿ ಸಿಕ್ಕ ಮುಖ್ಯ ಉತ್ತರಗಳಲ್ಲಿ ಇದೂ ಒಂದು.

ಕಥೆಯ ಆರಂಭ 1968ರ ಟೆಹರಾನಿನಲ್ಲಿ. ಸ್ಯಾಮ್ಯುಯೆಲ್ ರಹಬರ್ ಎಂಬ ವಿಜ್ಞಾನಿ ಹಿಮೋಗ್ಲೋಬಿನ್‌ನ ಅಪರೂಪದ ಬಗೆಗಳನ್ನು ಹುಡುಕುತ್ತಿದ್ದರು. ಮಾದರಿಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಹರಿಯಬಿಟ್ಟಾಗ ಕೆಲವರ ರಕ್ತದಲ್ಲಿ ವಾಡಿಕೆಗೆ ಮೀರಿದ ಪಟ್ಟೆಯೊಂದು ಕಂಡಿತು. ವಿಚಾರಿಸಿದರೆ ಅವರೆಲ್ಲ ಮಧುಮೇಹಿಗಳು. ಅದು ಹುಟ್ಟಿನಿಂದ ಬಂದ ಹೊಸ ಹಿಮೋಗ್ಲೋಬಿನ್ ಆಗಿರಲಿಲ್ಲ. ಇದ್ದ ಹಿಮೋಗ್ಲೋಬಿನ್‌ಗೇ ಗ್ಲುಕೋಸ್ ಅಂಟಿಕೊಂಡಿತ್ತು. ನಮ್ಮ ಮೈಯೊಳಗಿನ ಹೆಚ್ಚಿನ ರಾಸಾಯನಿಕ ಕೆಲಸಗಳಿಗೆ ಒಂದೊಂದು ಕಿಣ್ವದ ಮೇಲ್ವಿಚಾರಣೆ ಇರುತ್ತದೆ. ಈ ಅಂಟಿಗೆ ಅದು ಬೇಕಿಲ್ಲ. ಸಕ್ಕರೆ ಇದ್ದರೆ, ಪ್ರೋಟೀನು ಇದ್ದರೆ, ಸಮಯ ಸಿಕ್ಕರೆ ಸಾಕು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದು ಈಜಿದ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೋ ಅಷ್ಟರ ಪ್ರಮಾಣದಲ್ಲಿ ಅದರ ಹಿಮೋಗ್ಲೋಬಿನ್ ಸಕ್ಕರೆ ಮೆತ್ತಿಕೊಂಡಿರುತ್ತದೆ. ಎಚ್‌ಬಿಎ1ಸಿ ಅಳೆಯುವುದು ಅದನ್ನೇ.

ಗ್ಲುಕೋಸಿನ ಪರವಾಗಿ ಒಂದು ಮಾತು ಹೇಳಬೇಕು. 1981ರಲ್ಲಿ ಫ್ರಾಂಕ್ಲಿನ್ ಬನ್ ಮತ್ತು ಪಾಲ್ ಹಿಗಿನ್ಸ್ ಬೇರೆ ಬೇರೆ ಸಕ್ಕರೆಗಳು ಪ್ರೋಟೀನಿಗೆ ಎಷ್ಟು ಬೇಗ ಅಂಟುತ್ತವೆ ಎಂದು ಹೋಲಿಸಿ ನೋಡಿದರು. ಎಲ್ಲಕ್ಕಿಂತ ಸೋಮಾರಿ ಗ್ಲುಕೋಸ್. ಅದರ ಅಣು ಬಹುತೇಕ ಸದಾ ಉಂಗುರದಂತೆ ಮಡಚಿಕೊಂಡಿರುತ್ತದೆ. ಬಿಚ್ಚಿಕೊಂಡ ಕ್ಷಣಗಳಲ್ಲಿ ಮಾತ್ರ ಅಂಟಬಲ್ಲದು. ಫ್ರಕ್ಟೋಸ್ ಅದಕ್ಕಿಂತ ಹಲವು ಪಟ್ಟು ಚುರುಕು. ಜೀವಸಂಕುಲ ತನ್ನ ರಕ್ತದ ಇಂಧನವಾಗಿ ಗ್ಲುಕೋಸನ್ನೇ ಆರಿಸಿಕೊಂಡದ್ದು ಈ ಸೋಮಾರಿತನದ ಕಾರಣಕ್ಕೇ ಇರಬಹುದು ಎಂದು ಅವರಿಬ್ಬರೂ ಊಹಿಸಿದರು. ಒಳ್ಳೆಯ ಊಹೆ. ಆದರೆ ಸೋಮಾರಿಯ ಕೈಗೂ ಇಪ್ಪತ್ತು ವರ್ಷ ಸಿಕ್ಕರೆ ಕೆಲಸ ಮುಗಿಯುತ್ತದೆ.

ಆ ಕೆಲಸ ಹೇಗಿರುತ್ತದೆ ಎಂಬುದು ಅಡುಗೆಮನೆಯಲ್ಲಿ ದಿನವೂ ಕಾಣುತ್ತದೆ. ಕಾದ ಕಾವಲಿಯ ಮೇಲೆ ಬಿಳಿ ಹಿಟ್ಟು ಹರಡಿದರೆ ಎರಡು ನಿಮಿಷದಲ್ಲಿ ದೋಸೆಯ ಅಡಿ ಕೆಂಪಗಾಗುತ್ತದೆ, ಘಮ ಬರುತ್ತದೆ. ಉದ್ದಿನ ಪ್ರೋಟೀನೂ ಹಿಟ್ಟಿನ ಸಕ್ಕರೆಯೂ ಬಿಸಿಗೆ ಕೂಡಿ ಹುಟ್ಟಿದ ಬಣ್ಣ ಅದು. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. ದೇಹದ ಉಷ್ಣತೆ 37 ಡಿಗ್ರಿ. ಕಾವಲಿಯ ಎರಡು ನಿಮಿಷದ ಕೆಲಸ ಇಲ್ಲಿ ತಿಂಗಳು, ವರ್ಷ ಹಿಡಿಯುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಸಕ್ಕರೆ ಪ್ರೋಟೀನಿಗೆ ಸಡಿಲವಾಗಿ ತಗುಲಿಕೊಳ್ಳುತ್ತದೆ. ಈ ಹಂತದಲ್ಲಿ ಅದು ಬಿಟ್ಟುಹೋಗಬಹುದು. ದಿನಗಳು ಕಳೆದಂತೆ ಬಂಧ ಗಟ್ಟಿಯಾಗುತ್ತದೆ. ಎಚ್‌ಬಿಎ1ಸಿ ಈ ನಡುವಿನ ಹಂತದ್ದು. ಆಮೇಲೆ ತಿಂಗಳುಗಟ್ಟಲೆ ಕಾಲದಲ್ಲಿ ಅದು ಒಡೆದು, ಆಮ್ಲಜನಕದೊಡನೆ ಬೆರೆತು, ಪಕ್ಕದ ಪ್ರೋಟೀನಿಗೂ ಕೊಂಡಿ ಹಾಕಿ, ಹಿಂದಿರುಗದ ರೂಪಕ್ಕೆ ಬರುತ್ತದೆ. ಈ ಕೊನೆಯ ರೂಪಗಳಿಗೆ ಅಡ್ವಾನ್ಸ್ಡ್ ಗ್ಲೈಕೇಶನ್ ಎಂಡ್ ಪ್ರಾಡಕ್ಟ್ಸ್ ಎಂದು ಹೆಸರು. ಮೊದಲಕ್ಷರ ಕೂಡಿಸಿದರೆ ‘ಏಜ್’. ಇಂಗ್ಲಿಷಿನಲ್ಲಿ ವಯಸ್ಸಿಗೂ ಅದೇ ಪದ, ಮತ್ತು ಈ ಸಲ ಹೆಸರು ಸುಳ್ಳಲ್ಲ. ವಯಸ್ಸಾದವರ ಕಣ್ಣಿನ ಮಸೂರ ಹಳದಿಯಾಗಿ ಕಂದಾಗುವುದರಲ್ಲಿ ಇವುಗಳ ಪಾಲಿದೆ. ಮಧುಮೇಹ ಇರುವವರಲ್ಲಿ ಅದೇ ಸಂಗತಿ ಕೆಲವು ವರ್ಷ ಮೊದಲೇ ಆಗುತ್ತದೆ.

ರಕ್ತಕಣ ನಾಲ್ಕು ತಿಂಗಳಿಗೆ ಸತ್ತು ಹೊಸದು ಬರುತ್ತದೆ, ಅದರ ಲೆಕ್ಕ ಅಲ್ಲಿಗೆ ಚುಕ್ತಾ. ರಕ್ತನಾಳದ ಗೋಡೆಗೆ ಆ ಸೌಲಭ್ಯ ಇಲ್ಲ. ಗೋಡೆಗೆ ಬಲ ಕೊಡುವ ಕೊಲಾಜೆನ್ ಬಹಳ ನಿಧಾನವಾಗಿ ಬದಲಾಗುವ ಪ್ರೋಟೀನು. ಚರ್ಮದ ಕೊಲಾಜೆನ್‌ನಲ್ಲಿ ಅರ್ಧದಷ್ಟು ಹೊಸದಾಗಲು ಸುಮಾರು 15 ವರ್ಷ ಬೇಕು, ಕೀಲುಗಳ ಮೃದ್ವಸ್ಥಿಯಲ್ಲಿ 100 ವರ್ಷಕ್ಕೂ ಹೆಚ್ಚು. ದೊಡ್ಡ ಅಪಧಮನಿಗಳನ್ನು ರಬ್ಬರಿನಂತೆ ಹಿಗ್ಗಿಸಿ ಕುಗ್ಗಿಸುವ ಎಲಾಸ್ಟಿನ್ ಬಹುಮಟ್ಟಿಗೆ ಜೀವಮಾನವಿಡೀ ಹುಟ್ಟಿನಲ್ಲಿ ಬಂದದ್ದೇ. ಇಂಥ ಪ್ರೋಟೀನುಗಳ ಮೇಲೆ ಒಮ್ಮೆ ಕೂತ ಏಜ್ ಅಲ್ಲೇ ಉಳಿಯುತ್ತದೆ. ಇವತ್ತಿನ ಶುಗರ್ 108 ಆದರೂ ಐದು ವರ್ಷದ ಹಿಂದಿನ 240 ಗೋಡೆಯಲ್ಲಿ ಇದ್ದೇ ಇರುತ್ತದೆ.

ಇದರಿಂದ ಆಗುವ ಮೊದಲ ಹಾನಿ ಸರಳವಾದದ್ದು. ಕೊಂಡಿ ಬಿದ್ದ ಗೋಡೆ ಬಿರುಸಾಗುತ್ತದೆ, ಹೃದಯದ ಪ್ರತಿ ಬಡಿತದ ಹೊಡೆತವನ್ನು ಮೆತ್ತಗೆ ತಡೆದುಕೊಳ್ಳಲಾರದು, ಮೇಲಿನ ರಕ್ತದೊತ್ತಡ ಏರುತ್ತದೆ. ಜೊತೆಗೆ ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಏಜ್‌ಗಳು ಹೀರಿ ಕೆಡಿಸುತ್ತವೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಆಂಥೊನಿ ಸೆರಾಮಿ ಮತ್ತು ಸಂಗಡಿಗರು ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಈ ಚಿತ್ರವನ್ನು ಬಿಡಿಸಿದರು. 1986ರಲ್ಲಿ ಅವರ ತಂಡ ಅಮೈನೋಗ್ವಾನಿಡಿನ್ ಎಂಬ ಔಷಧಿ ಕೊಟ್ಟು ಮಧುಮೇಹಿ ಇಲಿಗಳ ಅಪಧಮನಿಯಲ್ಲಿ ಈ ಕೊಂಡಿಗಳು ಬೀಳದಂತೆ ತಡೆದು ತೋರಿಸಿತು. ಸಮಸ್ಯೆ ಇಷ್ಟೇ ಆಗಿದ್ದರೆ ಇದನ್ನು ಹಳೆಯ ಪೈಪಿನೊಳಗೆ ಗಡಸು ಕಟ್ಟಿದಂತೆ ಎನ್ನಬಹುದಿತ್ತು.

ಆದರೆ ಗಡಸುತನವೊಂದರಿಂದ ಉರಿಯೂತ ಹುಟ್ಟುವುದಿಲ್ಲ. ಮಧುಮೇಹಿಗಳ ಅಪಧಮನಿಯಲ್ಲಿ ಇರುವುದು ಉರಿಯೂತ: ಬಿಳಿರಕ್ತಕಣಗಳ ನುಗ್ಗಾಟ, ಕೊಬ್ಬಿನ ಗುಡ್ಡೆ, ಅದರ ಮೇಲೆ ಬಿರುಕು, ಬಿರುಕಿನ ಮೇಲೆ ಹೆಪ್ಪು. ಯಾರೋ ಜೀವಕೋಶಗಳನ್ನು ಬಡಿದೆಬ್ಬಿಸುತ್ತಿದ್ದಾರೆ ಎಂದಾಯಿತು. ಆ ‘ಯಾರೋ’ 1992ರಲ್ಲಿ ಸಿಕ್ಕಿತು. ಹಸುವಿನ ಶ್ವಾಸಕೋಶದಿಂದ ಏಜ್‌ಗೆ ಅಂಟುವ ಪ್ರೋಟೀನೊಂದನ್ನು ಬೇರ್ಪಡಿಸಲಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಆನ್ ಮರೀ ಶ್ಮಿಟ್ ಮತ್ತು ಡೇವಿಡ್ ಸ್ಟರ್ನ್ ಆ ಕೆಲಸದ ಮುಂಚೂಣಿಯಲ್ಲಿದ್ದರು. ‘ಏಜ್‌ನ ಗ್ರಾಹಕ’ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು ಮೊಟಕುಗೊಳಿಸಿದರೆ ‘ರೇಜ್’. ಆ ಪದಕ್ಕೆ ಕ್ರೋಧ ಎಂದರ್ಥ.

ರೇಜ್‌ನ ರಚನೆ ನೋಡಿದರೆ ಅದು ಪ್ರತಿಕಾಯಗಳ ಕುಟುಂಬಕ್ಕೆ ಸೇರಿದ್ದು. ಜೀವಕೋಶದ ಹೊರಗೆ ಚಾಚಿದ ಮೂರು ಗಂಟು, ಪೊರೆಯನ್ನು ದಾಟುವ ಒಂದು ಎಳೆ, ಒಳಗೆ ಗಿಡ್ಡ ಬಾಲ. ತುದಿಯ ಗಂಟಿನಲ್ಲಿ ಧನ ವಿದ್ಯುದಂಶ ದಟ್ಟವಾಗಿದೆ. ಪ್ರೋಟೀನುಗಳಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೂ ಸಹಜವಾಗಿ ಧನ ಅಂಶವೇ. ಹಾಗಾಗಿ ಆರೋಗ್ಯವಾಗಿರುವ ಪ್ರೋಟೀನು ಇಲ್ಲಿ ಅಂಟುವುದಿಲ್ಲ. ಸಕ್ಕರೆ ಹತ್ತಿ ಆ ಲೈಸೀನ್ ಕಾರ್ಬಾಕ್ಸಿಮೀಥೈಲ್ ಲೈಸೀನ್ ಆಗಿ ಕೆಟ್ಟಾಗ ಅದರ ಮೇಲೆ ಋಣ ಅಂಶ ಬಂದು ಕೂರುತ್ತದೆ. ಈಗ ಎರಡೂ ಒಂದನ್ನೊಂದು ಸೆಳೆಯುತ್ತವೆ. ಕೆಟ್ಟದ್ದನ್ನು ಒಳ್ಳೆಯದರಿಂದ ಬೇರ್ಪಡಿಸಲು ಜೀವಕೋಶ ಬಳಸುವ ಉಪಾಯ ಇಷ್ಟೇ.

ಈ ಗ್ರಾಹಕ ಇರುವುದು ಸಕ್ಕರೆಗಾಗಿಯೇ ಎಂದುಕೊಂಡರೆ ತಪ್ಪು. ಅದರ ಜೀನ್ ಇರುವುದು ಆರನೆಯ ವರ್ಣತಂತುವಿನಲ್ಲಿ, ರೋಗನಿರೋಧಕ ಜೀನ್‌ಗಳ ನಡುವಿನ ಓಣಿಯಲ್ಲಿ. ಗಾಯಗೊಂಡು ಸಾಯುವ ಜೀವಕೋಶಗಳಿಂದ ಹೊರಬೀಳುವ ಎಚ್‌ಎಂಜಿಬಿ1, ಕೆರಳಿದ ಬಿಳಿರಕ್ತಕಣಗಳು ಉಗುಳುವ ಎಸ್100 ಎಂಬ ಪ್ರೋಟೀನುಗಳು, ಇವೂ ಇದೇ ಗಂಟಿಗೆ ಅಂಟುತ್ತವೆ ಎಂದು ಮುಂದಿನ ವರ್ಷಗಳಲ್ಲಿ ತಿಳಿಯಿತು. ಅಂದರೆ ರೇಜ್ ಮೂಲತಃ ಗಾಯದ ಸುದ್ದಿ ಕೇಳುವ ಕಿವಿ. ಕೈ ಕುಯ್ದುಕೊಂಡರೆ ಅದು ಕೂಗೆಬ್ಬಿಸುತ್ತದೆ, ರಿಪೇರಿಯ ಆಳುಗಳು ಬರುತ್ತಾರೆ, ಗಾಯ ಮಾಯುತ್ತದೆ, ಕರೆದ ಅಣುಗಳು ಕರಗಿಹೋಗುತ್ತವೆ, ಕೂಗು ನಿಲ್ಲುತ್ತದೆ. ಕೊಲಾಜೆನ್‌ನಲ್ಲಿ ಹುದುಗಿದ ಏಜ್ ಕರಗಿಹೋಗುವುದಿಲ್ಲ. ಮಾಯದ ಗಾಯದಂತೆ ಅದು ಕೂಗಿಸುತ್ತಲೇ ಇರುತ್ತದೆ. ಕೆಟ್ಟ ಪ್ರೋಟೀನುಗಳನ್ನು ನುಂಗಿ ವಿಲೇವಾರಿ ಮಾಡುವ ಬೇರೆ ಗ್ರಾಹಕಗಳೂ ದೇಹದಲ್ಲಿವೆ. ರೇಜ್‌ನ ಮುಖ್ಯ ಕೆಲಸ ಅದಲ್ಲ. ಅದು ಗಂಟೆ ಬಾರಿಸುತ್ತದೆ, ಕಸ ಗುಡಿಸುವುದಿಲ್ಲ.

ಗಂಟೆ ಬಾರಿಸಿದಾಗ ಒಳಗೆ ಏನಾಗುತ್ತದೆ? ಗಿಡ್ಡ ಬಾಲಕ್ಕೆ ಡಯಾಫ್1 ಎಂಬ ಪ್ರೋಟೀನು ಕಚ್ಚಿಕೊಳ್ಳುತ್ತದೆ. ಅದರ ಹಿಂದೆಯೇ ಕಿಣ್ವಗಳು ಚುರುಕಾಗಿ ಹಾನಿಕಾರಕ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತವೆ. ಸರಣಿ ಕೊನೆಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಜೀನ್‌ಗಳ ಸ್ವಿಚ್ಚು ಒತ್ತುತ್ತದೆ. ರಕ್ತನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಹಾಸು ಇದೆ, ಎಂಡೋಥೀಲಿಯಂ ಎಂದು ಅದರ ಹೆಸರು. ಆರೋಗ್ಯದಲ್ಲಿ ಅದು ಜಾರುವಷ್ಟು ನಯ, ರಕ್ತಕಣಗಳು ಸರಾಗ ಉರುಳಿ ಹೋಗುತ್ತವೆ. ಸ್ವಿಚ್ಚು ಬಿದ್ದ ಮೇಲೆ ಆ ಹಾಸಿನ ಮೇಲೆ ವಿಕ್ಯಾಮ್-1 ಎಂಬ ಅಂಟು ಪ್ರೋಟೀನು ಮೊಳೆಯುತ್ತದೆ. ಮಾನೋಸೈಟ್ ಎಂಬ ಬಿಳಿಕಣಗಳು ಅದಕ್ಕೆ ಸಿಕ್ಕಿಬಿದ್ದು ಗೋಡೆಯೊಳಕ್ಕೆ ತೂರಿಕೊಳ್ಳುತ್ತವೆ. ಅಲ್ಲಿ ಸೋರಿ ಬಂದ ಎಲ್‌ಡಿಎಲ್ ಕೊಬ್ಬನ್ನು ತಿಂದು ಊದಿ ನೊರೆಕೋಶಗಳಾಗುತ್ತವೆ. ಪದರದ ಮೇಲೆ ಪದರ ಬಿದ್ದು ಕೊಬ್ಬಿನ ಗುಡ್ಡೆ ಬೆಳೆಯುತ್ತದೆ. ಅದೇ ಹಾಸು ಟಿಶ್ಯೂ ಫ್ಯಾಕ್ಟರ್ ಎಂಬ ಹೆಪ್ಪು ಹಚ್ಚುವ ಪ್ರೋಟೀನನ್ನೂ ತಯಾರಿಸತೊಡಗುತ್ತದೆ. ಗುಡ್ಡೆಯೂ ಹೆಪ್ಪೂ ಒಂದೇ ಜಾಗದಲ್ಲಿ ಸಿದ್ಧವಾದವು. ಇನ್ನು ಆಘಾತಕ್ಕೆ ಬೇಕಾದ್ದು ಒಂದು ಬಿರುಕು.

ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕಳವಳಕಾರಿ ಸಂಗತಿ ಮುಂದಿನದು. ದೇಹದ ಬಹಳಷ್ಟು ಗ್ರಾಹಕಗಳು ತಮ್ಮನ್ನು ತಾವೇ ಹಿಡಿತದಲ್ಲಿಟ್ಟುಕೊಳ್ಳುತ್ತವೆ. ರಕ್ತದಲ್ಲಿ ಇನ್ಸುಲಿನ್ ಬಹಳ ದಿನ ಹೆಚ್ಚಾಗಿದ್ದರೆ ಜೀವಕೋಶ ತನ್ನ ಮೈಮೇಲಿನ ಇನ್ಸುಲಿನ್ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಗದ್ದಲ ಹೆಚ್ಚಾದರೆ ಕಿವಿ ಮುಚ್ಚಿಕೊಳ್ಳುವ ಬುದ್ಧಿ ಅದು. ರೇಜ್‌ಗೆ ಆ ಬುದ್ಧಿ ಇಲ್ಲ. ಎನ್‌ಎಫ್-ಕಪ್ಪಾ-ಬಿ ಒತ್ತುವ ಸ್ವಿಚ್ಚುಗಳಲ್ಲಿ ರೇಜ್‌ನದೇ ಸ್ವಿಚ್ಚೂ ಒಂದು. ಏಜ್ ಅಂಟಿದಷ್ಟೂ ಹೊಸ ರೇಜ್ ಹುಟ್ಟುತ್ತದೆ, ರೇಜ್ ಹೆಚ್ಚಿದಷ್ಟೂ ಅಲ್ಲೇ ಇರುವ ಏಜ್‌ಗೆ ಇನ್ನಷ್ಟು ಕೈ ಸಿಗುತ್ತದೆ. ಒಳನುಗ್ಗಿದ ಬಿಳಿಕಣಗಳು ಎಸ್100 ಉಗುಳುತ್ತವೆ, ಅದೂ ಬಂದು ರೇಜ್‌ಗೇ ಅಂಟುತ್ತದೆ. ಹೀಗೆ ಸುತ್ತು ಪೂರ್ತಿಯಾದ ಮೇಲೆ ಅದು ತಿರುಗುತ್ತಿರಲು ರಕ್ತದಲ್ಲಿ ಹೊಸ ಸಕ್ಕರೆ ಇರಲೇಬೇಕು ಎಂದಿಲ್ಲ. ಕಿಡಿ ಹಾರಿಸಿದ್ದು ಸಕ್ಕರೆ. ಬೆಂಕಿ ಈಗ ತನ್ನ ಸೌದೆಯನ್ನು ತಾನೇ ಹೊಂದಿಸಿಕೊಳ್ಳುತ್ತಿದೆ.

ಈ ತರ್ಕ ಪ್ರಯೋಗದಲ್ಲಿ ನಿಲ್ಲುತ್ತದೆಯೇ? 1998ರಲ್ಲಿ ಶ್ಮಿಟ್–ಸ್ಟರ್ನ್ ತಂಡ, ಅಪಧಮನಿಯಲ್ಲಿ ಬೇಗ ಕೊಬ್ಬು ಕಟ್ಟುವ ತಳಿಯ ಇಲಿಗಳಿಗೆ ಮಧುಮೇಹ ಬರಿಸಿ, ರೇಜ್‌ನ ಹೊರಗಿನ ತುಂಡನ್ನಷ್ಟೇ ರಕ್ತಕ್ಕೆ ಬಿಟ್ಟಿತು. ಈ ತುಂಡು ಏಜ್‌ಗಳನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತದೆ, ಆದರೆ ಬಾಲ ಇಲ್ಲದ್ದರಿಂದ ಕೂಗೆಬ್ಬಿಸಲಾರದು. ಕೊಬ್ಬಿನ ಗುಡ್ಡೆಗಳ ಬೆಳವಣಿಗೆ ತಗ್ಗಿತು. ಗಮನಿಸಬೇಕಾದ್ದು, ಆ ಇಲಿಗಳ ಸಕ್ಕರೆಯಾಗಲಿ ಕೊಲೆಸ್ಟರಾಲ್ ಆಗಲಿ ಇಳಿದಿರಲಿಲ್ಲ. ಕೇಳುವ ಕಿವಿಗೆ ಅಡ್ಡ ಬಂದದ್ದೇ ಸಾಕಾಯಿತು. ಹತ್ತು ವರ್ಷದ ನಂತರ, ರೇಜ್ ಜೀನನ್ನೇ ತೆಗೆದುಹಾಕಿದ ಇಲಿಗಳಲ್ಲಿ ಆಸ್ಟ್ರೇಲಿಯಾದ ತಂಡವೊಂದು ಇದೇ ಫಲ ಕಂಡಿತು. ಮನುಷ್ಯರ ಸಾಕ್ಷ್ಯ ಪರೋಕ್ಷವಾದದ್ದು. ಕತ್ತಿನ ಅಪಧಮನಿಯಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗುಡ್ಡೆಗಳನ್ನು ಇಟಲಿಯ ಸಂಶೋಧಕರು 2003ರಲ್ಲಿ ಪರೀಕ್ಷಿಸಿದಾಗ ಮಧುಮೇಹಿಗಳ ಗುಡ್ಡೆಯಲ್ಲಿ ರೇಜ್ ಹೆಚ್ಚಿತ್ತು, ಎಚ್‌ಬಿಎ1ಸಿ ಏರಿದಂತೆ ಅದೂ ಏರಿತ್ತು.

ತಕರಾರುಗಳೂ ಇವೆ, ಮುಚ್ಚಿಡುವಂಥವಲ್ಲ. ಪ್ರಯೋಗಾಲಯದಲ್ಲಿ ಗಾಢವಾಗಿ ಸಕ್ಕರೆ ಹಚ್ಚಿ ತಯಾರಿಸಿದ ಪ್ರೋಟೀನು ದೇಹದೊಳಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೆಟ್ಟಿರುತ್ತದೆ. ಶುದ್ಧವಾಗಿ ತಯಾರಿಸಿದ ಏಜ್‌ಗಳು ರೇಜನ್ನು ಎಬ್ಬಿಸಲೇ ಇಲ್ಲ ಎಂದು ವರದಿ ಮಾಡಿದ ತಂಡಗಳಿವೆ. ಅಂಥವರ ವಾದದಲ್ಲಿ ಎಸ್100 ಮತ್ತು ಎಚ್‌ಎಂಜಿಬಿ1 ನಿಜವಾದ ಕಿಡಿಗಳು, ಏಜ್ ಜೊತೆಗಾರ ಮಾತ್ರ. ಈ ವಾದ ಗೆದ್ದರೂ ಗೋಡೆಯ ಗತಿ ಬದಲಾಗುವುದಿಲ್ಲ. ರೇಜ್ ಇಲ್ಲದ ಇಲಿಗೆ ರೋಗ ಕಡಿಮೆ ಎಂಬ ಫಲಿತಾಂಶ ಯಾವ ಕಿಡಿ ಎಂಬುದನ್ನು ಅವಲಂಬಿಸಿಲ್ಲ.

ರಕ್ತನಾಳಕ್ಕೆ ನೆನಪಿದೆ ಎಂಬುದಕ್ಕೆ ಇಲಿಗಳಿಗಿಂತ ಗಟ್ಟಿಯಾದ ಸಾಕ್ಷಿ ಮನುಷ್ಯರಲ್ಲೇ ಇದೆ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಮಧುಮೇಹದ 1,441 ಜನರ ಮೇಲೆ ಡಿಸಿಸಿಟಿ ಎಂಬ ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಬಿಗಿ ಚಿಕಿತ್ಸೆ, ಎಚ್‌ಬಿಎ1ಸಿ ಸುಮಾರು 7. ಉಳಿದರ್ಧಕ್ಕೆ ಆ ಕಾಲದ ವಾಡಿಕೆಯ ಚಿಕಿತ್ಸೆ, ಸುಮಾರು 9. ಪ್ರಯೋಗ ಮುಗಿದ ಮೇಲೆ ಎಲ್ಲರಿಗೂ ಬಿಗಿ ಚಿಕಿತ್ಸೆಯ ಸಲಹೆ ಕೊಡಲಾಯಿತು, ಕೆಲವೇ ವರ್ಷಗಳಲ್ಲಿ ಎರಡೂ ಗುಂಪಿನ ಅಂಕಿ 8ರ ಆಸುಪಾಸು ಬಂದು ಸೇರಿತು. ಸಕ್ಕರೆಯ ಮಟ್ಟದಲ್ಲಿ ಅವರ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. ಆದರೂ 2005ರಲ್ಲಿ ಲೆಕ್ಕ ಹಾಕಿದಾಗ ಮೊದಲು ಬಿಗಿ ಚಿಕಿತ್ಸೆ ಪಡೆದವರಲ್ಲಿ ಹೃದಯ–ರಕ್ತನಾಳದ ತೊಂದರೆಗಳು ಶೇ 42 ಕಡಿಮೆ ಇದ್ದವು. ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಮಾತ್ರ ಎಣಿಸಿದರೆ ಶೇ 57. ಸರಾಸರಿ ಆರೂವರೆ ವರ್ಷದ ಶಿಸ್ತಿನ ಫಲ ಅದು ಮುಗಿದು ಹತ್ತು ವರ್ಷವಾದರೂ ಉಳಿದಿತ್ತು. ಇದೇ ಪ್ರಯೋಗದಲ್ಲಿ ತೆಗೆದ ಚರ್ಮದ ಚೂರುಗಳ ಕೊಲಾಜೆನ್‌ನಲ್ಲಿದ್ದ ಸಕ್ಕರೆಯ ಗುರುತು, ಕಣ್ಣಿನ ರಕ್ತನಾಳದ ಹಾನಿ ಯಾರಲ್ಲಿ ಮುಂದುವರಿಯುತ್ತದೆ ಎಂಬುದನ್ನು ಮುಂಚಿತವಾಗಿ ಸೂಚಿಸಿತು. ಟೈಪ್ 2ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 2008ರಲ್ಲಿ ಇದೇ ಮಾತನ್ನು ಹೇಳಿತು. ಮಧುಮೇಹ ಪತ್ತೆಯಾದ ಹೊಸತರಲ್ಲೇ ಬಿಗಿ ಚಿಕಿತ್ಸೆ ಸಿಕ್ಕವರಲ್ಲಿ ಹತ್ತು ವರ್ಷದ ಬಳಿಕ ಹೃದಯಾಘಾತ ಶೇ 15 ಕಡಿಮೆ.

ನಾಣ್ಯದ ಇನ್ನೊಂದು ಮುಖವೂ ಅದೇ ವರ್ಷ ಕಂಡಿತು. ಅಮೆರಿಕದ ಅಕಾರ್ಡ್ ಪ್ರಯೋಗದಲ್ಲಿ 10,251 ಜನ ಇದ್ದರು. ಸರಾಸರಿ ವಯಸ್ಸು 62, ಅರ್ಧದಷ್ಟು ಜನರಿಗೆ ಮಧುಮೇಹ ಬಂದು ಹತ್ತು ವರ್ಷ ದಾಟಿತ್ತು. ಅವರ ಎಚ್‌ಬಿಎ1ಸಿಯನ್ನು ಔಷಧಗಳಿಂದ ಬಲವಂತವಾಗಿ 6.4ಕ್ಕೆ ಇಳಿಸಿದಾಗ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು: 203ರ ಎದುರು 257. ಪ್ರಯೋಗದ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಏಕೆ ಹೆಚ್ಚಿತು ಎಂಬ ಚರ್ಚೆ ಇನ್ನೂ ಇದೆ. ಆದರೆ ಹತ್ತು ವರ್ಷದ ಗೋಡೆಯನ್ನು ಮೂರೂವರೆ ವರ್ಷದ ಮಾತ್ರೆಗಳಿಂದ ಹೊಸದು ಮಾಡಲಾಗದು ಎಂಬುದರಲ್ಲಿ ಚರ್ಚೆಗೆ ಜಾಗವಿಲ್ಲ. ಮೆಲ್ಬರ್ನಿನ ಪ್ರಯೋಗಾಲಯವೊಂದು 2008ರಲ್ಲಿ ಎಂಡೋಥೀಲಿಯಂ ಕೋಶಗಳನ್ನು ಕೆಲವೇ ಗಂಟೆ ಹೆಚ್ಚು ಗ್ಲುಕೋಸ್‌ನಲ್ಲಿಟ್ಟು ಆಮೇಲೆ ಸಹಜ ಮಟ್ಟಕ್ಕೆ ತಂದಿತು. ಎನ್‌ಎಫ್-ಕಪ್ಪಾ-ಬಿಯ ಜೀನ್ ಮೇಲೆ ಬಿದ್ದ ಗುರುತು ಆರು ದಿನವಾದರೂ ಅಳಿಸಿರಲಿಲ್ಲ.

ಈಗ ಈ ಗಡಿಯಾರವನ್ನು ನಮ್ಮ ದೇಶದ ಲೆಕ್ಕದ ಪಕ್ಕದಲ್ಲಿಡಿ. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪೂರ್ಣ ವರದಿ 2023ರಲ್ಲಿ ಬಂತು. ಅದರ ಪ್ರಕಾರ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ. ಮಧುಮೇಹದ ಹೊಸ್ತಿಲಲ್ಲಿರುವವರು 13.6 ಕೋಟಿ. ಮಧುಮೇಹ ಇನ್ನೂ ಕಡಿಮೆ ಇರುವ ರಾಜ್ಯಗಳಲ್ಲಿ ಹೊಸ್ತಿಲಲ್ಲಿ ನಿಂತವರ ಪಾಲು ದೊಡ್ಡದು. ಉತ್ತರ ಪ್ರದೇಶದಲ್ಲಿ ಮಧುಮೇಹ ಶೇ 4.8, ಹೊಸ್ತಿಲು ಶೇ 18. ಪಾಶ್ಚಾತ್ಯರಿಗೆ ಹೋಲಿಸಿದರೆ ನಮಗೆ ಈ ಕಾಯಿಲೆ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಗೋಡೆಯ ಮೇಲಿನ ಹೊರೆ ಎಂದರೆ ಸಕ್ಕರೆಯ ಮಟ್ಟವನ್ನು ವರ್ಷಗಳಿಂದ ಗುಣಿಸಿದ್ದು. ಐವತ್ತೈದಕ್ಕೆ ಮಧುಮೇಹ ಬಂದವರಿಗೆ ಎಪ್ಪತ್ತಕ್ಕೆ ಆಗುವ ಹೊರೆ ನಲವತ್ತಕ್ಕೆ ಬಂದವರಿಗೆ ಐವತ್ತೈದಕ್ಕೇ ಆಗುತ್ತದೆ. ಆ ವಯಸ್ಸಿನಲ್ಲಿ ಮನೆಯ ಸಾಲ ತೀರಿರುವುದಿಲ್ಲ, ಮಕ್ಕಳ ಓದು ಮುಗಿದಿರುವುದಿಲ್ಲ.

ಹೊಸ್ತಿಲಲ್ಲಿರುವವರು ಸುರಕ್ಷಿತರು ಎನ್ನುವಂತಿಲ್ಲ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಹೊಸ್ತಿಲು, 6.5ಕ್ಕೆ ಮಧುಮೇಹ ಎಂಬ ಗೆರೆ ವೈದ್ಯರು ತಮ್ಮ ಕೆಲಸದ ಅನುಕೂಲಕ್ಕೆ ಹಾಕಿಕೊಂಡದ್ದು. ಗ್ಲುಕೋಸ್‌ಗೆ ಆ ಗೆರೆ ಗೊತ್ತಿಲ್ಲ, ಅದು 6.4ರಲ್ಲೂ ಅಂಟುತ್ತದೆ. 129 ಅಧ್ಯಯನಗಳ ಒಂದು ಕೋಟಿಗೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯಲ್ಲಿ, ಹೊಸ್ತಿಲಲ್ಲಿರುವವರಿಗೆ ಹೃದಯ–ರಕ್ತನಾಳದ ಕಾಯಿಲೆಯ ಅಪಾಯ ಶೇ 15 ಹೆಚ್ಚಿತ್ತು. ಒಬ್ಬರ ಪಾಲಿಗೆ ಇದು ಸಣ್ಣ ಸಂಖ್ಯೆ. 13.6 ಕೋಟಿಯ ಮೇಲೆ ಹರಡಿದರೆ ಸಣ್ಣದಲ್ಲ. ನೆದರ್‌ಲೆಂಡ್ಸ್‌ನಲ್ಲಿ ಚರ್ಮದ ಮೇಲೆ ಬೆಳಕು ಹಾಯಿಸಿ, ಏಜ್‌ಗಳು ತಿರುಗಿ ಸೂಸುವ ಹೊಳಪನ್ನು ಅಳೆಯುವ ಉಪಕರಣ ಬಂದಿದೆ. ಸೂಜಿ ಬೇಡ, ರಕ್ತ ಬೇಡ. ಅಲ್ಲಿನ 72 ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನರನ್ನು ಸುಮಾರು ನಾಲ್ಕು ವರ್ಷ ಗಮನಿಸಿದಾಗ, ಹೊಳಪು ಹೆಚ್ಚಿದ್ದವರಲ್ಲಿ ಮುಂದೆ ಮಧುಮೇಹ, ಹೃದ್ರೋಗ, ಸಾವು ಮೂರೂ ಹೆಚ್ಚಿದ್ದವು.

ನಮ್ಮಲ್ಲಿ ಅಳತೆಯದೇ ಇನ್ನೊಂದು ತೊಡಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು, ರಕ್ತಕಣ ಬೇಗ ಒಡೆಯುವ ಕಾಯಿಲೆಗಳಲ್ಲಿ ಕಡಿಮೆ ತೋರಬಹುದು. ಆದ್ದರಿಂದ ಒಂದೇ ಅಂಕಿಯನ್ನು ನೆಚ್ಚಿ ಹೆದರುವುದೂ ಸಲ್ಲ, ನಿಶ್ಚಿಂತರಾಗುವುದೂ ಸಲ್ಲ. ಜೊತೆಗೆ ಹಿಮೋಗ್ಲೋಬಿನ್ ಪ್ರಮಾಣ ಮತ್ತು ಊಟದ ನಂತರದ ಸಕ್ಕರೆ ನೋಡಿಸಬೇಕು.

ಔಷಧಿ ಬರುತ್ತದೆಯೇ ಎಂದು ಕೇಳುವುದು ಸಹಜ. ಅಮೈನೋಗ್ವಾನಿಡಿನ್ ಇಲಿಗಳಲ್ಲಿ ಗೆದ್ದು ಮನುಷ್ಯರ ಪ್ರಯೋಗದಲ್ಲಿ ಮುಖ್ಯ ಗುರಿ ಮುಟ್ಟದೆ ಬಿದ್ದಿತು. ರೇಜ್‌ನ ಹೊರಗಿನ ಗಂಟನ್ನು ಮುಚ್ಚುವ ಅಜೆಲಿರಾಗಾನ್ ಎಂಬ ಮಾತ್ರೆಯನ್ನು ಆಲ್‌ಝೈಮರ್ ಕಾಯಿಲೆಗೆ ಪ್ರಯತ್ನಿಸಿದರು, 2018ರಲ್ಲಿ ಅದೂ ವಿಫಲವಾಯಿತು. ಬಾಲಕ್ಕೆ ಡಯಾಫ್1 ಕಚ್ಚದಂತೆ ತಡೆಯುವ ಅಣುವೊಂದನ್ನು ಶ್ಮಿಟ್ ಅವರ ತಂಡ 2021ರಲ್ಲಿ ಪ್ರಕಟಿಸಿದೆ. ಫಲ ಚೆನ್ನಾಗಿದೆ, ಇಲಿಗಳಲ್ಲಿ. ಇಲಿಯಿಂದ ಔಷಧಿ ಅಂಗಡಿಯವರೆಗಿನ ದಾರಿ ಎಷ್ಟು ಉದ್ದ ಎಂಬುದನ್ನು ಮೇಲಿನ ಎರಡು ಹೆಸರುಗಳೇ ಹೇಳುತ್ತವೆ. ರಕ್ತದೊತ್ತಡದ ಮಾತ್ರೆ, ಸ್ಟ್ಯಾಟಿನ್ ಮುಂತಾದವು ಬೇರೆ ದಾರಿಯಿಂದ ರಕ್ತನಾಳವನ್ನು ಕಾಯುತ್ತವೆ. ವೈದ್ಯರು ಬರೆದಿದ್ದರೆ ಬಿಡಬಾರದು. ಆದರೆ ಗೋಡೆಯಲ್ಲಿ ಕೂತ ಏಜ್ ಅನ್ನು ಕಿತ್ತೊಗೆಯುವ ಔಷಧಿ ಇವತ್ತು ಯಾವ ಅಂಗಡಿಯಲ್ಲೂ ಇಲ್ಲ.

ಉಳಿದ ದಾರಿ ಒಂದೇ, ಕೂರದಂತೆ ನೋಡಿಕೊಳ್ಳುವುದು. ಇದಕ್ಕೆ ಸಾಕ್ಷ್ಯ ಚೆನ್ನಾಗಿದೆ. ಚೀನಾದ ಡಾ ಚಿಂಗ್ ನಗರದಲ್ಲಿ 1986ರಲ್ಲಿ ಹೊಸ್ತಿಲಲ್ಲಿದ್ದ 577 ಜನರನ್ನು ಆರಿಸಿ, ಹೆಚ್ಚಿನವರಿಗೆ ಆರು ವರ್ಷ ಊಟ ಮತ್ತು ನಡಿಗೆಯ ಮಾರ್ಗದರ್ಶನ ಕೊಟ್ಟರು. ಮೂವತ್ತು ವರ್ಷದ ಬಳಿಕ ನೋಡಿದರೆ ಅವರಲ್ಲಿ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯ–ರಕ್ತನಾಳದ ಆಘಾತಗಳು ಶೇ 26 ಕಡಿಮೆಯಾಗಿದ್ದವು. ಚೆನ್ನೈನಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಬರೀ ಜೀವನಕ್ರಮದ ಬದಲಾವಣೆಯಿಂದ ಮಧುಮೇಹಕ್ಕೆ ಜಾರುವ ಅಪಾಯ ಶೇ 28.5 ತಗ್ಗಿತು. ತಂಬಾಕು ಬಿಡುವುದಕ್ಕೆ ಇರುವ ನೂರು ಕಾರಣಗಳಿಗೆ ಇನ್ನೊಂದನ್ನು ಸೇರಿಸಬಹುದು: ಅದರ ಹೊಗೆಯಲ್ಲಿ ಏಜ್ ಹುಟ್ಟಿಸುವ ಚುರುಕು ಅಣುಗಳಿವೆ ಎಂದು ಸೆರಾಮಿ ತಂಡ 1997ರಲ್ಲೇ ತೋರಿಸಿದೆ.

ಊಟದ ಏಜ್ ಬಗ್ಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಕರಿದದ್ದು, ಹುರಿದದ್ದು, ಸುಟ್ಟದ್ದರಲ್ಲಿ ಅದು ಹೆಚ್ಚು. ಬೇಯಿಸಿದ್ದರಲ್ಲಿ, ಹಬೆಯಲ್ಲಿ ಮಾಡಿದ್ದರಲ್ಲಿ ಕಡಿಮೆ. ತಿಂದದ್ದರಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮೈಗೆ ಸೇರುತ್ತದೆ, ಮೂತ್ರಪಿಂಡ ಸರಿಯಾಗಿದ್ದರೆ ಅದರಲ್ಲೂ ಒಂದು ಭಾಗ ಹೊರಹೋಗುತ್ತದೆ. ಚೆನ್ನೈನ ಮದ್ರಾಸ್ ಡಯಾಬಿಟೀಸ್ ರಿಸರ್ಚ್ ಫೌಂಡೇಷನ್ ತೂಕ ಹೆಚ್ಚಿದ್ದ 38 ಜನರಿಗೆ 12 ವಾರ ಏಜ್ ಕಡಿಮೆ ಇರುವ ಊಟ ಕೊಟ್ಟು ನೋಡಿದಾಗ ಇನ್ಸುಲಿನ್ ಕೆಲಸ ಸುಧಾರಿಸಿತು. ಸಣ್ಣ ಪ್ರಯೋಗ, ಅದರ ಮೇಲೆ ದೊಡ್ಡ ಮಾತು ಆಡಬಾರದು. ಹೋಳಿಗೆಗಿಂತ ಕಡುಬು ಮೇಲು ಎನ್ನಲು ಇಷ್ಟು ಸಾಕು, ದೋಸೆಯನ್ನು ಮನೆಯಿಂದ ಹೊರಹಾಕಲು ಸಾಲದು. ರಕ್ತದಲ್ಲೇ ಸಕ್ಕರೆ ತುಂಬಿಕೊಂಡಿರುವಾಗ ತಟ್ಟೆಯ ಏಜ್ ಎಣಿಸುತ್ತ ಕೂರುವುದು, ಕೆರೆಯ ಏರಿ ಒಡೆದಾಗ ಮನೆಯ ನಲ್ಲಿ ತಿರುಗಿಸಿ ನಿಲ್ಲಿಸಿದಂತೆ.

ಮೂವತ್ತು ದಾಟಿದ ಎಲ್ಲರಿಗೂ ಶುಗರ್ ಮತ್ತು ಬಿಪಿ ತಪಾಸಣೆ ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಇದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಕಾಯಿಲೆ ಇರುವವರು, ಹೊಟ್ಟೆಯ ಸುತ್ತಳತೆ ಏರುತ್ತಿರುವವರು, ಬಸಿರಿನಲ್ಲಿ ಶುಗರ್ ಬಂದು ಹೆರಿಗೆಯ ನಂತರ ಹೋಯಿತು ಎಂದು ಮರೆತವರು ಇನ್ನೂ ಮುಂಚೆ ಹೋಗಬೇಕು. ಹೋಗುವ ಮುನ್ನ ಎರಡು ದಿನ ಅನ್ನ ಬಿಡಬೇಡಿ. ದಿನವೂ ಉಣ್ಣುವುದನ್ನೇ ಉಂಡು ಹೋಗಿ.